ಬೆರಳಗಲದ ಬಿಳುಪು

ಭಾನುವಾರ ಬೆಳಗ್ಗೆ ಏಳೂವರೆ. ಬಸವನಗುಡಿಯ ಮನೆಯ ಹಿಂಭಾಗದ ಯುಟಿಲಿಟಿಯಲ್ಲಿ, ವಾಷಿಂಗ್ ಮೆಷಿನ್ ಪಕ್ಕ, ಅತ್ತಿಗೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದಾರೆ. ಮೈಮೇಲೆ ಡೈ ಕಲೆಗಳಿಗೇ ಎತ್ತಿಟ್ಟ ಹಳೆಯ ನೈಟಿ, ಹೆಗಲಿಗೆ ಬಣ್ಣಗೆಟ್ಟ ಟವೆಲು. ಬಚ್ಚಲುಮನೆ ಬಿಟ್ಟು ಇಲ್ಲಿ ಕೂತಿರುವುದು ಬೆಳಕಿಗಾಗಿ. ಒಳಗಿನ ಹಳದಿ ಬಲ್ಬಿನ ಕೆಳಗೆ ನರೆಯೂ ಕಂದಾಗಿ ಕಂಡು ಮೋಸ ಮಾಡುತ್ತದೆ. ಅಮೋನಿಯಾ ಘಾಟಿಗೆ ಗಾಳಿಯೂ ಬೇಕು.

"ಎಷ್ಟು ಕಾಣ್ತಿದೆ, ನಿಜ ಹೇಳೇ."

"ಬೈತಲೆ ಉದ್ದಕ್ಕೂ ಇದೆ ಅತ್ತಿಗೆ. ಕಿವಿ ಮುಂದೆ ಇನ್ನೂ ಜಾಸ್ತಿ."

ಸಂಜೆ ರಿಸೆಪ್ಷನ್. ಪಾರ್ಲರಿಗೆ ಹೋಗುವ ಸರದಿ ಬರಲು ಇನ್ನೂ ಮೂರು ವಾರ. ಕೂದಲಿಗೆ ಇದ್ಯಾವುದರ ಹಂಗೂ ಇಲ್ಲ, ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ತನ್ನ ಪಾಡಿಗೆ ಬೆಳೆಯುತ್ತದೆ. ಬುಡದಲ್ಲಿ ಬಣ್ಣ ತುಂಬುವ ಜೀವಕೋಶಗಳು ಸುಸ್ತಾದ ಮೇಲೆ ಹೊರಬರುವ ಕೂದಲು ಬೂದಿಯಲ್ಲ, ಅಪ್ಪಟ ಬಿಳಿ. ಕಪ್ಪಿನ ನಡುವೆ ಬೆರೆತಾಗ ಮಾತ್ರ ಕಣ್ಣಿಗೆ ಬೂದು. ಡೈ ಹಾಕಿದ ತಲೆಯಲ್ಲಿ ಆ ಬೆರಕೆಯೂ ಇರುವುದಿಲ್ಲವಲ್ಲ, ಬುಡದ ಬಿಳಿ ಗೆರೆ ಎದ್ದು ಕೂಗುತ್ತದೆ. ಹಾಗಾಗಿಯೇ ಡೈ ಹಾಕದವರ ನರೆಗಿಂತ ಡೈ ಹಾಕಿದವರ ಬುಡಕ್ಕೆ ಜನ ಬೇಗ ಕಣ್ಣು ಹಾಕುವುದು.

ಎರಡು ದಿನದ ಹಿಂದೆ ಅತ್ತಿಗೆಯ ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ನೋಡಿದ್ದಾಗಿದೆ. 48 ಗಂಟೆ ಕಳೆದರೂ ಕೆರೆತವಿಲ್ಲ, ಕೆಂಪಿಲ್ಲ. "ಹತ್ತು ವರ್ಷದಿಂದ ಹಾಕ್ತಿದೀನಿ, ಈಗೇನು ಹೊಸದಾಗಿ?" ಅಂದಿದ್ದರು. ಅಲರ್ಜಿ ಬರುವುದೇ ಹಾಗೆ, ವರ್ಷಗಟ್ಟಲೆ ಸುಮ್ಮನಿದ್ದ ಚರ್ಮ ಒಂದು ದಿನ ದಿಢೀರನೆ ಮುಖ ಊದಿಸಿ ಕೂರಿಸುತ್ತದೆ. ನೆನ್ನೆ ತಲೆಗೆ ಎಣ್ಣೆ ಹಾಕಿಲ್ಲ, ಸ್ನಾನವೂ ಮಾಡಿಸಿಲ್ಲ. ಎಣ್ಣೆ ಮೆತ್ತಿದ ಕೂದಲಿಗೆ ಬಣ್ಣ ಸರಿಯಾಗಿ ಹಿಡಿಯದು. ಆದರೆ ನೆತ್ತಿಯ ಸಹಜ ಜಿಡ್ಡು ಒಂದಿಷ್ಟು ಇದ್ದರೆ ಉರಿ ಕಡಿಮೆ.

ಅಮ್ಮ ಅಡುಗೆಮನೆಯಿಂದ ಸ್ಟೀಲ್ ಬಟ್ಟಲು ತಂದು ಚಾಚುತ್ತಾರೆ. ಬೇಡ ಅನ್ನುತ್ತೇನೆ. ಲೋಹದ ಪಾತ್ರೆ ಬಳಸಬೇಡಿ ಎಂದು ಪೊಟ್ಟಣದ ಮೇಲೇ ಇದೆ. ಅಲ್ಲದೆ ಆಮೇಲೆ ಆ ಬಟ್ಟಲಲ್ಲಿ ಯಾರು ಸಾರು ಕುಡಿಯುತ್ತಾರೆ? ಐಸ್‌ಕ್ರೀಮಿನ ಖಾಲಿ ಡಬ್ಬಿ ಸಾಕು. ಕೆಮ್ಮಿನ ಔಷಧಿಯ ಅಳತೆ ಮುಚ್ಚಳದಲ್ಲಿ ಎರಡು ಸಲ ಡೆವಲಪರ್, ಅದಕ್ಕೆ ಸಮವಾಗಿ ಟ್ಯೂಬಿನ ಕ್ರೀಮು. ಇಡೀ ಟ್ಯೂಬು ಹಿಂಡುವ ಅಗತ್ಯವಿಲ್ಲ. ಕಲಸದೆ ಉಳಿದದ್ದನ್ನು ಬಿಗಿಯಾಗಿ ಮುಚ್ಚಿಟ್ಟರೆ ಮುಂದಿನ ಸಲಕ್ಕೆ ಬರುತ್ತದೆ, ಕಲಸಿದ್ದು ಮಾತ್ರ ಇವತ್ತಿಗೆ ಇವತ್ತೇ. ಬಣ್ಣದ ನಂಬರು 4, ನಡುಕಂದು. ಡೆವಲಪರ್ 20 ವಾಲ್ಯೂಮ್, ಅಂದರೆ 6 ಪರ್ಸೆಂಟ್ ಪೆರಾಕ್ಸೈಡ್. ಎರಡನ್ನೂ ಪಾರ್ಲರಿನ ಹುಡುಗಿಯನ್ನೇ ಫೋನಿನಲ್ಲಿ ಕೇಳಿ ಬರೆದಿಟ್ಟುಕೊಂಡಿದ್ದೇವೆ. ಅಂಗಡಿಯಲ್ಲಿ ನಿಂತು ಡಬ್ಬಿಯ ಮೇಲಿನ ಮಾಡೆಲ್ ಕೂದಲು ನೋಡಿ ಬಣ್ಣ ಆರಿಸುವವರಿಗೆ ದೇವರೇ ಗತಿ.

ಡಬ್ಬಿಯೊಳಗೆ ನೋಡಿ. ಕಲಸುವಾಗ ಕೆನೆಯ ಬಣ್ಣ. ಬ್ರಷ್ ಎರಡು ಸುತ್ತು ಹಾಕುವಷ್ಟರಲ್ಲಿ ಅಂಚಿನಲ್ಲಿ ತೆಳು ನೇರಳೆ ಛಾಯೆ. ಇನ್ನು ಸ್ವಲ್ಪ ಹೊತ್ತಿಗೆ ಅದು ಕಂದು, ಕೊನೆಗೆ ಕರಿ. ಕೂದಲಿನೊಳಗೆ ಆಗುವುದೂ ಇದೇ. ಕೂದಲಿನ ಮೇಲ್ಪದರದ ಸಿಪ್ಪೆಗಳು ಮಂಗಳೂರು ಹೆಂಚಿನ ಹಾಗೆ ಒಂದರ ಮೇಲೊಂದು ಮಲಗಿರುತ್ತವೆ. ಅಮೋನಿಯಾ ಅವನ್ನು ಎಬ್ಬಿಸಿ ಸಂದು ಮಾಡುತ್ತದೆ. ಪಿಪಿಡಿ (ಪ್ಯಾರಾ-ಫಿನೈಲೀನ್‌ಡೈಅಮೀನ್) ಥರದ ಬಣ್ಣವಿಲ್ಲದ ಪುಟ್ಟ ಕಣಗಳು ಆ ಸಂದಿಯಲ್ಲಿ ನುಸುಳುತ್ತವೆ, ಪೆರಾಕ್ಸೈಡ್ ಅವನ್ನು ಒಂದಕ್ಕೊಂದು ಬೆಸೆದು ದಪ್ಪ ಮಾಡುತ್ತದೆ. ಬಣ್ಣ ಬಂದ ಮೇಲೆ ಅವು ಒಳಗೇ ಸಿಕ್ಕಿಕೊಂಡವು, ಶಾಂಪೂಗೂ ಜಗ್ಗುವುದಿಲ್ಲ. 'ಅಮೋನಿಯಾ ಇಲ್ಲ' ಎಂದು ದೊಡ್ಡಕ್ಷರದಲ್ಲಿ ಬರೆದ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಅದರ ಬದಲು ಘಾಟು ಕಡಿಮೆಯ ಇನ್ನೊಂದು ಕ್ಷಾರ ಇರುತ್ತದೆ, ಅಷ್ಟೆ. ಅಲರ್ಜಿ ತರಬಲ್ಲ ಪಿಪಿಡಿ ಇದೆಯೋ ಇಲ್ಲವೋ ತಿಳಿಯಬೇಕಾದರೆ ಪೊಟ್ಟಣ ತಿರುಗಿಸಿ ಸಣ್ಣಕ್ಷರ ಓದಬೇಕು.

ಹಣೆಯಂಚಿಗೆ, ಕಿವಿಯ ಮೇಲೆ, ಕತ್ತಿಗೆ ವ್ಯಾಸಲೀನ್ ಬಳಿದಾಯಿತು. ಈಗ ಬಹಳ ಮಂದಿ ಮಾಡದ ಕೆಲಸ. ಹಿಂದೆ ಬಣ್ಣ ಹಾಕಿದ ಕೂದಲಿಗೆಲ್ಲ ಬುಡದಿಂದ ಎರಡು ಬೆರಳು ಬಿಟ್ಟು ಕಂಡೀಷನರ್ ಸವರುತ್ತೇನೆ. ಡೈ ಆ ಕಡೆ ಜಾರಿದರೂ ಹಿಡಿಯದಿರಲಿ ಎಂದು. ಮನೆಯಲ್ಲಿ ಡೈ ಕೆಡುವುದೇ ಇಲ್ಲಿ. ಪ್ರತಿ ಸಲವೂ ಬುಡದಿಂದ ತುದಿಯವರೆಗೆ ಎಳೆದು ಎಳೆದು, ವರ್ಷ ಕಳೆಯುವಷ್ಟರಲ್ಲಿ ಬುಡ ಕಂದು, ನಡುವೆ ಕಪ್ಪು ಪಟ್ಟೆ, ತುದಿ ಮಸಿ. ಮುಟ್ಟಬೇಕಾದ ಜಾಗ ಒಂದು ಬೆರಳಗಲವೂ ಇಲ್ಲ. ಉಳಿದ ಕಡೆ ಕೈ ಹೋಗದಂತೆ ತಡೆದುಕೊಳ್ಳುವುದೇ ನಿಜವಾದ ಕಸುಬು.

ಮೊದಲು ಕಿವಿಯ ಮುಂಭಾಗ. ಅಲ್ಲಿಯ ನರೆ ಮೊಂಡು, ಒರಟು, ಬಣ್ಣ ಕುಡಿಯಲು ಹೆಚ್ಚು ಹೊತ್ತು ಬೇಕು. ಆಮೇಲೆ ಬೈತಲೆ. ಬಾಚಣಿಗೆಯ ಚೂಪು ಬಾಲದಿಂದ ಅರ್ಧ ಸೆಂಟಿಮೀಟರಿಗೊಂದು ಗೆರೆ ತೆಗೆದು, ಬ್ರಷ್ಷಿನ ತುದಿಯಿಂದ ಬಿಳಿಯ ಮೇಲಷ್ಟೇ ಒತ್ತಿ, ಆ ಪದರವನ್ನು ಆಚೆ ಮಗುಚಿ, ಮುಂದಿನ ಗೆರೆ. ಇಷ್ಟನ್ನು ಕನ್ನಡಿ ಮುಂದೆ ಅತ್ತಿಗೆಯೇ ಮಾಡಿಕೊಂಡಾರು. ಹಿಂದಲೆಗೆ ಮಾತ್ರ ಇನ್ನೊಬ್ಬರ ಕೈ ಬೇಕೇ ಬೇಕು.

"ತಲೆ ಬಗ್ಗಿಸಿ ಅತ್ತಿಗೆ. ಇನ್ನೂ. ಹಾಂ, ಹಾಗೇ."

"ಕತ್ತು ಹೋಯ್ತು ಕಣೇ. ತಣ್ಣಗೆ ಹರೀತಿದೆ, ಒರೆಸು, ಒರೆಸು."

ಬಾಗಿಲಲ್ಲಿ ನಿಂತ ಅಮ್ಮನದು ಹಳೇ ರಾಗ. "ನಮ್ಮ ಕಾಲದಲ್ಲಿ ಕಬ್ಬಿಣದ ಬಾಣಲೇಲಿ ಟೀ ಡಿಕಾಕ್ಷನ್ನು ಹಾಕಿ ಗೋರಂಟಿ ನೆನೆಸ್ತಿದ್ವಿ. ಈ ವಾಸನೆ ಇತ್ತಾ?" ಇರಲಿಲ್ಲ, ನಿಜ. ಫೋಟೋ ಆಲ್ಬಮಿನಲ್ಲಿ ಅಮ್ಮನ ನೆತ್ತಿ ಇಟ್ಟಿಗೆ ಬಣ್ಣಕ್ಕಿರುವುದೂ ನಿಜ. ಗೋರಂಟಿ ಎಲೆಯಲ್ಲಿರುವ ಲಾಸೋನ್ ಎಂಬ ಅಂಶ ಕೊಡುವುದು ಕಿತ್ತಳೆ ಕೆಂಪನ್ನು. ಅದು ಕಪ್ಪಿಗೆ ತಿರುಗಬೇಕಾದರೆ ಮೇಲೆ ನೀಲಿ ಗಿಡದ (ಇಂಡಿಗೊ) ಎಲೆಯ ಪುಡಿ ಹಚ್ಚಬೇಕು. ಹತ್ತೇ ನಿಮಿಷಕ್ಕೆ ಕಪ್ಪಾಗಿಸುವ 'ಮೆಹಂದಿ' ಸಿಕ್ಕರೆ ಅದರಲ್ಲಿ ಪಿಪಿಡಿ ಇದೆಯೇ ಎಂದು ಮೊದಲು ನೋಡಿ. ಎಲೆಯ ಚಿತ್ರಕ್ಕೆ ಮರುಳಾಗಬೇಡಿ.

ಡೈ ಎಂದರೆ ಭಯ ಹೊಸದೇನಲ್ಲ. 1909ರಲ್ಲಿ ರಸಾಯನಶಾಸ್ತ್ರಜ್ಞ ಯುಜೀನ್ ಶುಲ್ಲೇರ್ ಪ್ಯಾರಿಸಿನಲ್ಲಿ ಕಟ್ಟಿದ ಕಂಪನಿಯ ಹೆಸರಿನಲ್ಲೇ 'ನಿರುಪದ್ರವಿ ಕೂದಲ ಬಣ್ಣ' ಎಂದಿತ್ತು. ಗಿರಾಕಿಗಳ ಅಂಜಿಕೆ ಎಷ್ಟಿದ್ದಿರಬೇಕು! ಅದೇ ಮುಂದೆ ಲೋರಿಯಾಲ್ ಆಯಿತು.

ಕೊನೆಯ ಗೆರೆ ಮುಗಿದದ್ದು ಎಂಟೂಕಾಲಿಗೆ. ಅಲ್ಲಿಂದ ಮೂವತ್ತೈದು ನಿಮಿಷ. ಅಷ್ಟರಲ್ಲಿ ಅಣ್ಣ ಪೇಪರ್ ಹಿಡಿದು ಬಂದು ಡಬ್ಬಿಯೊಳಗೆ ಇಣುಕುತ್ತಾನೆ. ನಮ್ಮ ಮನೆಗಳಲ್ಲಿ ಹೆಂಗಸರ ತಲೆಗೆ ಕಲಸಿ ಮಿಕ್ಕ ಡೈ ಗಂಡಸರ ಮೀಸೆಗೆ ಎಂಬುದು ಅಲಿಖಿತ ಕಾನೂನು.

"ಮೀಸೆಗೆ ಒಂಚೂರು. ಹಾಗೇ ಹುಬ್ಬಿಗೂ ಎಳೆದುಬಿಡು."

"ನಿಂಗೆ ಟೆಸ್ಟ್ ಮಾಡಿಲ್ಲ ಅಣ್ಣ. ಹುಬ್ಬಿನ ಮಾತಂತೂ ಎತ್ತಲೇಬೇಡ."

ಕಣ್ಣಿನ ಹತ್ತಿರ ಈ ಸರಕು ಸುಳಿಯಬಾರದು. 1930ರ ದಶಕದಲ್ಲಿ ಅಮೆರಿಕದಲ್ಲಿ 'ಲ್ಯಾಶ್ ಲೂರ್' ಎಂಬ ರೆಪ್ಪೆ-ಹುಬ್ಬಿನ ಡೈ ಹಚ್ಚಿಸಿಕೊಂಡ ಕೆಲವು ಹೆಂಗಸರಿಗೆ ಕಣ್ಣೇ ಹೋಯಿತು. ಅದರಲ್ಲಿದ್ದದ್ದೂ ಪಿಪಿಡಿ ವರ್ಗದ ಬಣ್ಣ. ಅದನ್ನು ಅಂಗಡಿಯಿಂದ ತೆಗೆಸಲು ಆಗಿನ ಸರ್ಕಾರದ ಕೈಯಲ್ಲಿ ಕಾನೂನೇ ಇರಲಿಲ್ಲ. 1938ರಲ್ಲಿ ಹೊಸ ಕಾಯ್ದೆ ಬಂತು, ಅದರಡಿ ಮೊದಲು ಜಪ್ತಾದದ್ದು ಇದೇ. ಇಷ್ಟು ಕೇಳಿ ಅಣ್ಣ ಹುಬ್ಬು ಸವರಿಕೊಂಡು ಹಾಲಿಗೆ ವಾಪಸಾದ. ಮಿಕ್ಕದ್ದನ್ನು ಸಿಂಕಿಗೆ ಸುರಿದೆ. ಮುಚ್ಚಳ ಹಾಕಿ ಇಟ್ಟರೆ ಒಳಗೆ ಗಾಳಿ ತುಂಬಿ ಡಬ್ಬಿ ಸಿಡಿಯುವ ಭಯ.

ಕೊನೆಯ ಐದು ನಿಮಿಷ. ಬೆರಳು ಒದ್ದೆ ಮಾಡಿಕೊಂಡು ಬುಡದ ಡೈಯನ್ನು ಮೆಲ್ಲಗೆ ಉಜ್ಜಿ ನೊರೆ ಬರಿಸಿದರೆ ಹಣೆಯಂಚಿನ ಕಲೆಯೂ ಅದರೊಂದಿಗೇ ಬಿಡುತ್ತದೆ. ಆಮೇಲೆ ಉಗುರುಬೆಚ್ಚಗಿನ ನೀರು. ಇವತ್ತು ಕಾವೇರಿ ನೀರು ಬರುವ ದಿನ, ಬೋರ್‌ವೆಲ್ಲಿನ ಗಡಸು ನೀರಲ್ಲಿ ಒದ್ದಾಡುವಂತಿಲ್ಲ. ಮಗ್ಗಿನಿಂದ ಸುರಿದದ್ದು ಮೊದಲು ಕರಿ ಡಿಕಾಕ್ಷನ್ನಿನಂತೆ ಹರಿದು, ತೆಳುವಾಗುತ್ತಾ ತಿಳಿಯಾಗುವವರೆಗೆ ಸುರಿಯಬೇಕು.

ಒಣಗಿದ ಮೇಲೆ ಫೋನಿನಲ್ಲಿ ನೆತ್ತಿಯ ಫೋಟೋ ತೆಗೆದು ತೋರಿಸುತ್ತೇನೆ. ಬೈತಲೆ ಒಂದೇ ಸಮ. ಹಿಂದಲೆಯಲ್ಲಿ ಪಟ್ಟೆಯಿಲ್ಲ. ಅತ್ತಿಗೆ ಫೋಟೋ ದೊಡ್ಡದು ಮಾಡಿ, ದೊಡ್ಡದು ಮಾಡಿ, ಬಲಗಿವಿಯ ಮುಂದೆ ಮೂರ್ನಾಲ್ಕು ಎಳೆ ಹಿಡಿದೇಬಿಟ್ಟರು. ಅವು ಬಗ್ಗಿಲ್ಲ.

"ಇನ್ನೊಂಚೂರು ಕಲಸೇ."

"ಒಂದೇ ದಿನ ಎರಡು ಸಲ ಬೇಡ ಅತ್ತಿಗೆ, ಚರ್ಮ ಉರಿಯುತ್ತೆ. ಹೊರಡೋ ಮುಂಚೆ ಆ ಎಳೆಗಳಿಗೆ ಕಾಡಿಗೆ ಎಳೀತೀನಿ. ಬೆವರಿದ್ರೆ ಇಳಿಯುತ್ತೆ, ಬಿಳೀ ಕರ್ಚೀಫ್ ಮಾತ್ರ ತರಬೇಡಿ."