ಎಡ ಕಾರ್ನರ್ ಯಾರು?

2025ರ ಮೇ 31. ಮುಂಬೈಯಲ್ಲಿ ಪ್ರೊ ಕಬಡ್ಡಿ ಹರಾಜು, ದಾಂಡೇಲಿಯ ನಮ್ಮ ಓಣಿಯ ಚಹಾದಂಗಡಿಯಲ್ಲಿ ವಾದ. ಹಿಂದಿನ ಸೀಸನ್‌ನಲ್ಲಿ ಬೆಂಗಳೂರು ಬುಲ್ಸ್ 12 ತಂಡಗಳಲ್ಲಿ ಕಟ್ಟಕಡೆಗೆ ನಿಂತಿತ್ತು. ಒಳ್ಳೆಯ ಡಿಫೆಂಡರ್ ಬೇಕು ಎಂಬುದರಲ್ಲಿ ಎರಡು ಮಾತಿರಲಿಲ್ಲ. ಆದರೆ ಯಾರು?

ಭಾಯಿಜಾನ್ ಇರಾನಿನ ಶಾದ್ಲುಯಿಯೇ ಬೇಕೆಂದು ಪಟ್ಟು ಹಿಡಿದರು. "ಹಿಡೀತಾನೆ, ರೈಡೂ ಮಾಡ್ತಾನೆ, ಇನ್ನೇನು ಬೇಕು?" ನಾನು ಕಾಮರ್ಸ್‌ನವನು, ಲೆಕ್ಕ ಹಾಕಿದೆ. ತಂಡದ ಪರ್ಸ್‌ನಲ್ಲಿರುವುದು 5 ಕೋಟಿ. ಒಬ್ಬನಿಗೇ ಎರಡು ಕೋಟಿ ಸುರಿದರೆ ಉಳಿದವರಿಗೇನು? ಒಂದು ಮೂಲೆಯಲ್ಲಿ ಗಟ್ಟಿ ಆಳಿದ್ದು ಇನ್ನೊಂದು ಮೂಲೆ ಸಡಿಲವಿದ್ದರೆ ರೈಡರ್ ಸಡಿಲಿರುವ ಕಡೆಗೇ ನುಗ್ಗುತ್ತಾನೆ. ನಾನೂ ಎಡ ಕಾರ್ನರ್ ಆಡುವವನು, ಅಷ್ಟು ಗೊತ್ತು.

ಶಾದ್ಲುಯಿ 2.23 ಕೋಟಿಗೆ ಗುಜರಾತ್ ಪಾಲಾದ. ಬುಲ್ಸ್ ಬಲಕ್ಕೆ ಯೋಗೇಶ್, ಎಡಕ್ಕೆ ಅಂಕುಶ್ ರಾಠಿಯನ್ನು ಕೊಂಡಿತು. ಭಾಯಿಜಾನ್ ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ನಾನಂತೂ ಹರಾಜು ನಾನೇ ನಡೆಸಿದವನಂತೆ ಓಡಾಡಿದೆ.

ಕಾಲೇಜು ಶುರುವಾಯಿತು. ತಾಲೂಕು ಪಂದ್ಯಕ್ಕೆ ತಂಡ ಆರಿಸುವಾಗ ಸರ್ ನನ್ನನ್ನು ಕರೆದು, "ಎಡ ಕಾರ್ನರ್‌ಗೆ ಯಾರು? ನೀನೇ ಹೇಳು" ಎಂದರು. ಜೋಯಿಡಾ ಕಡೆಯಿಂದ ಬರುವ ಪ್ರಥಮ ವರ್ಷದ ಹುಡುಗನೊಬ್ಬ ಪ್ರಾಕ್ಟೀಸಿನಲ್ಲಿ ಪಾದ ಹಿಡಿದರೆ ಬಿಡುತ್ತಿರಲಿಲ್ಲ. ನನ್ನನ್ನೇ ನಾಲ್ಕು ಸಲ ಕೆಡವಿದ್ದ. ಬೇರೆಯವರ ಕೋಟಿಗಳನ್ನು ಹಂಚುವಾಗ ನಾಲಿಗೆ ಸಲೀಸಾಗಿತ್ತು. ಈಗ ಸ್ವಲ್ಪ ಹೊತ್ತು ಶೂ ಲೇಸ್ ಕಟ್ಟುತ್ತಾ ಕೂತೆ. ಆಮೇಲೆ ಅವನ ಹೆಸರು ಹೇಳಿದೆ.

ಪಂದ್ಯದ ಹಿಂದಿನ ರಾತ್ರಿ ಅಮ್ಮಿ ನನ್ನ ಜೆರ್ಸಿ ಒಗೆದು ಒಣಹಾಕಿದ್ದರು. ಬೆಂಚಿನಲ್ಲಿ ಕೂರುವವನಿಗೂ ಜೆರ್ಸಿ ಬೇಕಲ್ಲ, ಹಾಕಿಕೊಂಡು ಹೋದೆ.