ಆಟವೂ ಇರಲಿ, ಡಿಗ್ರಿಯೂ ಇರಲಿ

ಅಮೆರಿಕದಲ್ಲಿರುವ ನನ್ನ ತಂಗಿಯ ಮಗ ಕಾಲೇಜಿನಲ್ಲಿ ಫುಟ್‌ಬಾಲ್ ಆಡ್ತಾನೆ. ನಮ್ಮ ಕಾಲ್ಚೆಂಡಲ್ಲ ಕಣ್ರೀ! ಚೆಂಡು ಹಿಡಿದು ಓಡುವವನನ್ನು ಅಡ್ಡಗಟ್ಟಿ ಕೆಡವುವ ಆಟ; ಕೆಡವುವುದೇ ಇವನ ಪಾಲಿನ ಕೆಲಸ. ಮುಂದೆ ಇದೇ ನನ್ನ ವೃತ್ತಿ ಅಂತಾನೆ. ತಂಗಿಗೆ ನಿದ್ದೆಯಿಲ್ಲ.

ಅಲ್ಲಿ ದೊಡ್ಡ ವೃತ್ತಿತಂಡಗಳು 32. ವರ್ಷಕ್ಕೊಮ್ಮೆ 7 ಸುತ್ತಿನಲ್ಲಿ ಸುಮಾರು 250 ಹುಡುಗರನ್ನು ಆರಿಸುತ್ತಾರೆ. ಕಾಲೇಜಿನಲ್ಲಿ ಆಡುವವರೋ ಹತ್ತಾರು ಸಾವಿರ. 2014ರಲ್ಲಿ ಯಾರೂ ಆರಿಸದಿದ್ದ ರಕ್ಷಕ ಮಾಲ್ಕಮ್ ಬಟ್ಲರ್, ಹೇಗೋ ತಂಡ ಸೇರಿ, 2015ರ ಸೂಪರ್ ಬೌಲ್‌ನ ಕೊನೆಗಳಿಗೆಯಲ್ಲಿ ಎದುರಾಳಿಯ ಎಸೆತ ಕಸಿದು ಗೆಲ್ಲಿಸಿದ, ನಿಜ. ಎಲ್ಲರಿಗೂ ಆ ಯೋಗ ಉಂಟೇ? ಮಂಡಿ ಒಮ್ಮೆ ಕೈಕೊಟ್ಟರೆ ಮುಗೀತು.

ತಂಗಿಗೆ ಹೇಳಿದ್ದಿಷ್ಟೇ: “ಆಟ ಬಿಡಿಸಬೇಡ ಕಣೇ, ಡಿಗ್ರಿ ಬಿಡೋಕೂ ಬಿಡಬೇಡ.” ನೀವಾಗಿದ್ದರೆ ಏನು ಹೇಳ್ತಿದ್ರಿ?