ನಕಲಿನ ವಿಷಯವಾಗಿ

ನಕಲು ಎಂಬ ಮಾತು ನಮ್ಮ ಶಾಲೆಯಲ್ಲಿ ಒಳ್ಳೆಯ ಅರ್ಥದಲ್ಲಿ ಕೇಳಿಬರುವುದು ಅಪೂರ್ವ. ಪರೀಕ್ಷೆಯ ಕೊಠಡಿಯಲ್ಲಿ ಅದನ್ನು ಹಿಡಿದು ದಂಡಿಸುವುದು ಉಪಾಧ್ಯಾಯಿನಿಯರ ಕೆಲಸ. ಆದರೂ ಈ ಸಂಚಿಕೆಯಲ್ಲಿ ನಕಲನ್ನು ಹೊಗಳಿ ನಾಲ್ಕು ಮಾತು ಬರೆಯಲು ಮನಸ್ಸಾಗಿದೆ; ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಮನ್ನಿಸಬೇಕು.

ತಮ್ಮ ಹೆಸರು, ತಂದೆತಾಯಿಗಳ ಹೆಸರು, ಜನ್ಮದಿನ, ತೇರ್ಗಡೆಯಾದ ತರಗತಿ ಇವೆಲ್ಲವೂ ಹಿಂದೆ ಅಡ್ಮಿಶನ್ ರಿಜಿಸ್ಟರಿನಲ್ಲಿ ಮಸಿಯಿಂದ ಬರೆಯಲ್ಪಡುತ್ತಿದ್ದುವು. ಈಗ ಅವು ಆಫೀಸಿನ ಕಂಪ್ಯೂಟರಿನಲ್ಲಿ, ಡೇಟಾಬೇಸ್ ಎಂಬ ಕಾಗದವಿಲ್ಲದ ರಿಜಿಸ್ಟರಿನಲ್ಲಿ ಸೇರಿರುತ್ತವೆ. ಪಿಂಚಣಿಗಾಗಿಯೋ ಪಾಸ್‌ಪೋರ್ಟಿಗಾಗಿಯೋ ಜನ್ಮದಿನದ ದೃಢಪತ್ರವನ್ನು ಬೇಡಿ ಬಂದ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ, “ಅಳಿಸಿಹೋಯಿತಮ್ಮಾ” ಎಂದು ಹೇಳುವ ಧೈರ್ಯ ಯಾರಿಗಿದೆ? ಆದಕಾರಣ ನಮ್ಮ ಕಂಪ್ಯೂಟರ್ ಉಪಾಧ್ಯಾಯಿನಿಯವರ ಪಕ್ಕದಲ್ಲಿ ಕುಳಿತು ಈ ವಿದ್ಯೆಯನ್ನು ನಾನೂ ಕಲಿತೆನು. ನಾಲ್ವತ್ತು ದಾಟಿದ ಶಿಷ್ಯೆಯನ್ನು ಆಕೆ ತಾಳ್ಮೆಯಿಂದಲೇ ನಡಿಸಿಕೊಂಡರು.

ದೊಡ್ಡ ಡೇಟಾಬೇಸನ್ನು ಪೂರ್ತಿಯಾಗಿ ಪ್ರತಿಮಾಡಲು ಗಂಟೆಗಟ್ಟಲೆ ಹಿಡಿಯುವುದುಂಟು. ಸ್ನ್ಯಾಪ್‌ಷಾಟ್ ಎಂಬುದಾದರೋ ಕ್ಷಣಮಾತ್ರದಲ್ಲಿ ಮುಗಿಯುವುದು. ಹೇಗೆಂದರೆ, ಲಿನಕ್ಸಿನ ಎಲ್‌ವಿಎಂನಂಥ ಸಾಧನವು ಆ ಹೊತ್ತಿಗೆ ಏನನ್ನೂ ಬರೆದುಕೊಳ್ಳದೆ ಆ ಕ್ಷಣದ ಗುರುತನ್ನು ಮಾತ್ರ ಹಾಕಿಡುವುದು. ಮುಂದೆ ಡಿಸ್ಕಿನ ಯಾವ ಭಾಗವನ್ನಾದರೂ ಮೊದಲ ಸಲ ತಿದ್ದಬೇಕಾದಾಗ, ಹಳೆಯದನ್ನು ಬೇರೆಡೆಗೆ ಎತ್ತಿಟ್ಟು ಆಮೇಲೆ ಹೊಸದನ್ನು ಬರೆಯುವುದು. ಗುಮಾಸ್ತರು ರಿಜಿಸ್ಟರಿನ ಪುಟವನ್ನು ತಿದ್ದುವ ಮುನ್ನ ಅದೊಂದನ್ನೇ ಪ್ರತಿಮಾಡಿ ಪೆಟ್ಟಿಗೆಯಲ್ಲಿಟ್ಟಂತೆ. ಮುಟ್ಟದ ಪುಟಕ್ಕೆ ಪ್ರತಿ ಬೇಕಿಲ್ಲ.

ಗುಮಾಸ್ತರು ಅರ್ಧ ವಾಕ್ಯದಲ್ಲಿರುವಾಗ ಚಿತ್ರ ತೆಗೆದರೆ ಗತಿಯೇನು ಎಂದು ಕೇಳಿದೆನು. ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸು ಪ್ರತಿಯೊಂದು ಬದಲಾವಣೆಯನ್ನೂ ಮೊದಲು ದಿನಚರಿಯಲ್ಲಿ ಬರೆದುಕೊಂಡೇ ಪುಸ್ತಕದಲ್ಲಿ ಬರೆಯುವುದಂತೆ. ಪುಸ್ತಕ ದಿನಚರಿಗಳೆರಡೂ ಒಂದೇ ಕ್ಷಣದ ಚಿತ್ರದೊಳಗೆ ಸಿಕ್ಕಿದರೆ, ಅರ್ಧಕ್ಕೆ ನಿಂತದ್ದನ್ನು ದಿನಚರಿ ನೋಡಿ ಸರಿಪಡಿಸಿಕೊಳ್ಳುವುದು. ಎರಡನ್ನೂ ಬೇರೆಬೇರೆ ಹೊತ್ತಿನಲ್ಲಿ ತೆಗೆದರೆ ಒಂದಕ್ಕೊಂದು ಹೊಂದಲಾರವು.

ಇಷ್ಟು ಸುಲಭವಾದ ವಸ್ತುವಿಗೆ ಒಂದು ದೊಡ್ಡ ಕೊರತೆಯುಂಟು. ಎಲ್‌ವಿಎಂನ ಸ್ನ್ಯಾಪ್‌ಷಾಟು ಮೂಲವಿರುವ ಡಿಸ್ಕುಗಳನ್ನೇ ನಂಬಿಕೊಂಡಿರುವುದು. ಅವು ಕೆಟ್ಟರೆ ಎರಡೂ ಒಟ್ಟಿಗೆ ಹೋಗುವುವು. ಆದಕಾರಣ ಅದರಿಂದ ಪೂರ್ಣಪ್ರತಿಯನ್ನು ತೆಗೆದು ಬೇರೊಂದು ಕಟ್ಟಡದಲ್ಲಿ ಇಡತಕ್ಕದ್ದು. ಎರಡನೆಯ ಡಿಸ್ಕಿನ ವೆಚ್ಚ ಏತಕ್ಕೆಂದು ಆಡಳಿತ ಸಮಿತಿಯಲ್ಲಿ ಪ್ರಶ್ನೆ ಬಂದಾಗ, ನಾನು ಗಿಟ್‌ಲ್ಯಾಬಿನ ವೃತ್ತಾಂತವನ್ನು ಓದಿ ಹೇಳಿದೆನು.

ಗಿಟ್‌ಲ್ಯಾಬ್ ಎಂಬುದು ಪ್ರೋಗ್ರಾಮು ಬರೆಯುವವರ ಕೆಲಸವನ್ನು ಅಂತರಜಾಲದಲ್ಲಿ ಕಾದಿಡುವ ಸಂಸ್ಥೆ. 2017ನೆಯ ಇಸವಿ ಜನವರಿ 31ರ ರಾತ್ರಿ ಅಲ್ಲಿನ ಇಂಜಿನಿಯರರೊಬ್ಬರು ಬೇರೆ ಯಂತ್ರವೆಂದು ತಿಳಿದು ಮುಖ್ಯ ಡೇಟಾಬೇಸನ್ನೇ ಅಳಿಸಿಬಿಟ್ಟರು. ಒಂದೆರಡು ಸೆಕೆಂಡಿನೊಳಗೆ ತಡೆದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ ಮಾತ್ರ. ಪ್ರತಿದಿನವೂ ಆಗುತ್ತಿದೆಯೆಂದು ಎಲ್ಲರೂ ನಂಬಿದ್ದ ನಕಲನ್ನು ಹುಡುಕಿದರೆ, ಪೆಟ್ಟಿಗೆ ಬರಿದಾಗಿತ್ತು! ನಕಲು ತೆಗೆಯುವ ಸಾಧನವು ಹಳೆಯ ಆವೃತ್ತಿಯದಾಗಿ ಕೆಲಸವೇ ನಡೆದಿರಲಿಲ್ಲ. ಹಾಗೆಂದು ತಿಳಿಸುವ ಪತ್ರಗಳೂ ಯಾರಿಗೂ ಮುಟ್ಟಿರಲಿಲ್ಲ. ಆ ರಾತ್ರಿ ಅವರನ್ನು ಕಾಪಾಡಿದ್ದು, ಬೇರಾವುದೋ ಪ್ರಯೋಗಕ್ಕೆಂದು ಆರು ಗಂಟೆಗಳ ಹಿಂದೆ ತೆಗೆದಿದ್ದ ಒಂದು ಎಲ್‌ವಿಎಂ ಸ್ನ್ಯಾಪ್‌ಷಾಟು. ನಡುವಿನ ಆರು ಗಂಟೆಗಳ ಬರಹ ಹೋಗಿಯೇಹೋಯಿತು. ಅವರು ಇದೆಲ್ಲವನ್ನೂ ಮುಚ್ಚಿಡದೆ ಲೋಕಕ್ಕೆ ತಿಳಿಸಿದ್ದು ನನಗೆ ಬಹಳ ಮೆಚ್ಚಿಗೆಯಾಯಿತು. ಸಮಿತಿಯವರು ಹಣ ಮಂಜೂರು ಮಾಡಿದರು.

ಆದುದರಿಂದ ನಮ್ಮಲ್ಲಿ ಪ್ರತಿ ಅವಧಿಯ ಮೊದಲ ಶನಿವಾರ ನಕಲಿಗೆ ಪರೀಕ್ಷೆಯಿರುತ್ತದೆ. ಹಳೆಯದೊಂದು ಕಂಪ್ಯೂಟರಿಗೆ ಅದನ್ನು ತುಂಬಿ, ಡೇಟಾಬೇಸನ್ನು ನಡಿಸಿ, ಮನಬಂದಂತೆ ಹತ್ತು ಹೆಸರುಗಳನ್ನು ಆರಿಸಿ ಕಾಗದದ ದಾಖಲೆಯೊಡನೆ ಹೋಲಿಸುತ್ತೇವೆ. ಒಂದು ಜನ್ಮದಿನ ಹೊಂದದಿದ್ದರೂ ಅನುತ್ತೀರ್ಣವೇ.

ಈ ಹೋಲಿಕೆಯಲ್ಲಿಯೇ ಹಳೆಯ ರಿಜಿಸ್ಟರುಗಳೊಳಗೆ ಗೆದ್ದಲು ತಿಂದ ಕೆಲವು ಪುಟಗಳು ಕಣ್ಣಿಗೆ ಬಿದ್ದುವು. ಅವು ನಾನು ಇಲ್ಲಿಗೆ ಬರುವುದಕ್ಕೆ ಬಹಳ ಮುಂಚಿನವು. ಅವಕ್ಕೆ ಯಾವ ನಕಲೂ ಇಲ್ಲ. ಆ ಮಕ್ಕಳು ಶಾಲೆ ಬಿಡುವಾಗ ಒಯ್ದ ಟ್ರಾನ್ಸ್‌ಫರ್ ಸರ್ಟಿಫಿಕೇಟೊಂದೇ ಉಳಿದಿರಬಹುದಾದ ಪ್ರತಿ. ತಮ್ಮ ತಾಯಿಯವರದಾಗಲಿ ಅಜ್ಜಿಯವರದಾಗಲಿ ಮನೆಯ ಪೆಟ್ಟಿಗೆಯಲ್ಲಿದ್ದರೆ ದಯವಿಟ್ಟು ಅದರ ಒಂದು ಚಿತ್ರವನ್ನು ನಮ್ಮ ಆಫೀಸಿಗೆ ಕಳುಹಿಸಿರಿ. ಮೂಲಪತ್ರವನ್ನು ಕಳುಹಿಸಬೇಡಿರಿ, ಅದು ತಮ್ಮಲ್ಲಿಯೇ ಇರಲಿ.